ಬೇವಿನ ಗಿಡದ ಕೆಳಗಿನ ಎಂಟು ಲಕ್ಷ

ಬೆಲೆಯ ವಿಷಯದಲ್ಲಿ ನಮ್ಮ ಕನ್ನಡ ಬಹಳ ಹುಷಾರಿನ ಭಾಷೆ. ಮಾರುವವನು ಬೆಲೆ ಹೇಳುತ್ತಾನೆ, ಕೊಳ್ಳುವವನು ಕೇಳುತ್ತಾನೆ. "ಎಮ್ಮಿಗೆ ಎಷ್ಟು ಹೇಳ್ಯಾರ?" ಎಂಬುದು ಒಂದು ಪ್ರಶ್ನೆಯಾದರೆ, "ಎಮ್ಮಿ ಎಷ್ಟಕ್ಕ ಕೇಳ್ಯಾರ?" ಎಂಬುದು ಬೇರೆಯೇ ಪ್ರಶ್ನೆ. ಹೇಳಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಉಳಿಯುವ ಸಂದಿಯಲ್ಲಿಯೇ ಇಡೀ ಸಂತೆ ನಡೆಯುತ್ತದೆ. ಬದನೆಕಾಯಿಯಿಂದ ಹಿಡಿದು ಎತ್ತಿನ ಜೋಡಿಯವರೆಗೆ ಈ ವ್ಯತ್ಯಾಸವನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಒಂದು ವಸ್ತುವಿನ ಮುಂದೆ ಮಾತ್ರ ಈ ಎರಡೂ ಶಬ್ದಗಳು ಕಲಸಿಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದು ಹಳೆಯ ಕಾರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆ ನನಗೆ ಬಳಗವಿದೆ. ತವರು ಇಂಡಿ ತಾಲೂಕಿನದು, ಕೊಟ್ಟದ್ದು ಸಿಂದಗಿಗೆ; ಉಳಿದೆರಡು ಊರುಗಳು ನಾದಿನಿಯರ, ತಂಗಿಯರ ಪಾಲಿಗೆ ಬಂದವು. ಮದುವೆ, ಕುಪ್ಪಸ, ತೊಟ್ಟಿಲು, ದಿವಸ ಎಂದು ವರ್ಷವಿಡೀ ತಿರುಗಾಟ. ಹೋದಲ್ಲೆಲ್ಲ ಹಳೆಯ ವಾಡೆಗಳ ಅಂಗಳ ನೋಡುವುದು ನನ್ನ ಚಟ. ದನದ ಕೊಟ್ಟಿಗೆಯ ಪಕ್ಕದಲ್ಲೋ ಬೇವಿನ ಗಿಡದ ಕೆಳಗೋ ತಾಡಪತ್ರಿ ಹೊದ್ದುಕೊಂಡು ನಿಂತ ಒಂದು ಕಾರು ಎಲ್ಲೋ ಒಂದು ಮನೆಯಲ್ಲಿ ಸಿಕ್ಕೇ ಸಿಗುತ್ತದೆ. ಬಹಳ ಸಲ ಅಂಬಾಸಿಡರ್, ಕೆಲವು ಕಡೆ ಫಿಯೆಟ್, ಅಲ್ಲೊಂದು ಇಲ್ಲೊಂದು ವಿಲ್ಲೀಸ್ ಜೀಪು. ಟಯರಿನಲ್ಲಿ ಗಾಳಿಯಿಲ್ಲ. ಸೀಟಿನ ಸ್ಪಂಜಿನಲ್ಲಿ ಇಲಿ ಮರಿ ಹಾಕಿದೆ. ಬಾನೆಟ್ಟಿನ ಮೇಲೆ ಮನೆಯ ಸೊಸೆ ಸಂಡಿಗೆ ಒಣಹಾಕಿದ್ದಾಳೆ, ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು.

"ಯಾಕ್ರೀ, ಇದನ್ನ ಮಾರಬಾರದ?" ಎಂದು ಕೇಳಿ ನೋಡಿ. ಯಜಮಾನರು ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ: "ಎಂಟು ಲಕ್ಷಕ್ಕ ಕೇಳ್ಯಾರ್ರೀ. ನಾವ ಕೊಟ್ಟಿಲ್ಲ."

ಈ 'ಕೇಳ್ಯಾರ' ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಯಾರು ಕೇಳಿದರು? ಬೆಂಗಳೂರಿನವರು, ಪುಣೆಯವರು, ಯಾರೋ ಸಿನಿಮಾದವರು. ಹೆಸರಿಲ್ಲ, ಊರಿನ ವಿಳಾಸವಿಲ್ಲ. ಯಾವಾಗ ಕೇಳಿದರು? ಹೋದ ದಸರೆಗೆ, ಇಲ್ಲವೆ ಅದರ ಹಿಂದಿನ ದಸರೆಗೆ. ಸಂಚಕಾರ ಕೊಟ್ಟರೇನು? ಅಲ್ಲಿಗೆ ಮಾತು ನಿಲ್ಲುತ್ತದೆ, ಚಹಾ ಬರುತ್ತದೆ. ನನಗೆ ಕಂಡಂತೆ ಸಂಗತಿ ಹೀಗಿದೆ: ಯಜಮಾನರೇ ಎಂದೋ ಕಟ್ಟೆಯ ಮೇಲೆ ಕುಳಿತು ಹೇಳಿದ ಬೆಲೆ ನಾಲ್ಕು ಬಾಯಿ ಸುತ್ತಿ, ಯಾರೋ ಕೇಳಿದ ಬೆಲೆಯಾಗಿ, ಅವರ ಕಿವಿಗೇ ತಿರುಗಿ ಬಂದಿರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ತಮ್ಮದೇ ಮಾತನ್ನು ನಂಬಿದ್ದಾರೆ, ಅಷ್ಟೆ.

ಪತ್ರಿಕೆಗಳು ಈ ನಂಬಿಕೆಗೆ ನೀರೆರೆಯುತ್ತವೆ. ಯಾವ ಊರಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆದರೂ ವರದಿಯಲ್ಲಿ 'ಕೋಟಿ ಬೆಲೆ ಬಾಳುವ' ಎಂಬ ಪದಪುಂಜ ಇರಲೇಬೇಕು. ಆ ಕೋಟಿಯನ್ನು ಹೇಳಿದವರು ಯಾರು? ಕಾರಿನ ಮಾಲೀಕರು. ಬರೆದುಕೊಂಡವರು ವರದಿಗಾರರು. ಓದಿದವರು ನಾವು. ಮೂವರಲ್ಲಿ ಯಾರೊಬ್ಬರೂ ಕಿಸೆಗೆ ಕೈ ಹಾಕಿಲ್ಲ. 'ಬಾಳುವ' ಎಂಬ ಶಬ್ದವಾದರೂ ಎಂಥದು ನೋಡಿ. ಆ ಬೆಲೆ ಯಾವ ಮನೆಯಲ್ಲಿ, ಯಾರ ಜೊತೆ ಬಾಳಿದೆ? ಚಿನ್ನದ ಬೆಲೆಯನ್ನು ಅದೇ ಪತ್ರಿಕೆ ದಿನವೂ ಹಾಕುತ್ತದೆ. ಇಂಡಿಯ ಲಿಂಬೆಯ ದರ, ತೊಗರಿಯ ದರ ಪುಟದ ಮೂಲೆಯಲ್ಲಿ ಇರುತ್ತವೆ. ಅವೆಲ್ಲ ನಡೆದ ವ್ಯಾಪಾರದ ದರಗಳು. ಹಿಂದಿನ ದಿನ ಯಾರೋ ಕೊಟ್ಟಿದ್ದಾರೆ, ಯಾರೋ ತೆಗೆದುಕೊಂಡಿದ್ದಾರೆ. ಲಿಂಬೆ ಬೆಳೆದ ರೈತ ಚೀಲಕ್ಕೆ ಹತ್ತು ಸಾವಿರ ಹೇಳಿದ ಎಂದು ಯಾವ ಪತ್ರಿಕೆಯೂ ಅದನ್ನು ದರವೆಂದು ಅಚ್ಚು ಹಾಕುವುದಿಲ್ಲ. ಹಳೆಯ ಕಾರಿಗೆ ಮಾತ್ರ ಈ ರಿಯಾಯಿತಿ.

ಹಾಗೆಂದು ಹಳೆಯ ಕಾರಿಗೆ ದೊಡ್ಡ ಬೆಲೆ ಬರುವುದೇ ಇಲ್ಲವೆಂದಲ್ಲ. ಜಗತ್ತಿನಲ್ಲಿ ಈವರೆಗೆ ಅತಿ ಹೆಚ್ಚು ಬೆಲೆಗೆ ಹೋದ ಕಾರಿನ ಸುದ್ದಿಯನ್ನು ನೀವೂ ಓದಿರಬಹುದು. 2022ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಮರ್ಸಿಡಿಸ್ ಕಂಪನಿ ತನ್ನ ಬಳಿ ಇದ್ದ 1955ರ ಒಂದು ಕಾರನ್ನು 13 ಕೋಟಿ 50 ಲಕ್ಷ ಯೂರೋಗಳಿಗೆ ಮಾರಿತು. ನಮ್ಮ ರೂಪಾಯಿಯಲ್ಲಿ ಸಾವಿರ ಕೋಟಿಗೂ ಮೇಲೆ. ಅಂಥ ಕಾರುಗಳು ತಯಾರಾದದ್ದು ಎರಡೇ ಎರಡು. ಎರಡೂ ಅದುವರೆಗೆ ಕಂಪನಿಯ ಮನೆಬಾಗಿಲು ದಾಟಿ ಮಾರಾಟಕ್ಕೆ ಬಂದಿರಲಿಲ್ಲ. ನಮ್ಮ ಅಂಬಾಸಿಡರ್ ಎಷ್ಟು ತಯಾರಾಯಿತು? 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ ನಿಲ್ಲುವವರೆಗೆ, ಐವತ್ತು ವರ್ಷಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲಿ ಸಾಲುಸಾಲಾಗಿ ಹೊರಬಂದಿತು. ಹಳೆಯದಾಗಿದ್ದರೆ ಸಾಲದು, ವಿರಳವೂ ಆಗಿರಬೇಕು. ನಮ್ಮ ಅಡಿಗೆಮನೆಯ ಒಳಕಲ್ಲು ಯಾವ ಕಾರಿಗಿಂತಲೂ ಹಳೆಯದು. ಅದಕ್ಕೆ ಎಂಟು ಲಕ್ಷ ಯಾರು ಕೊಡುತ್ತಾರೆ?

ಇನ್ನೊಂದು ಮಾತು. ಅಷ್ಟು ದೊಡ್ಡ ಪೇಟೆಯಲ್ಲೂ ಹೇಳಿದ ಬೆಲೆ ಬೇರೆ, ಬಂದ ಬೆಲೆ ಬೇರೆ. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ 1962ರ ಒಂದು ಕೆಂಪು ಫೆರಾರಿ ಹರಾಜಿಗೆ ಬಂತು. 6 ಕೋಟಿ ಡಾಲರಿಗೂ ಮೇಲೆ ಹೋಗುತ್ತದೆಂದು ಹರಾಜು ನಡೆಸಿದವರೇ ಮೊದಲು ಹೇಳಿದ್ದರು. ಹೋದದ್ದು ದಲ್ಲಾಳಿಯೂ ಸೇರಿ 5 ಕೋಟಿ 17 ಲಕ್ಷ ಡಾಲರಿಗೆ. ನಡುವಿನ ಅಂತರವೇ ನಮ್ಮ ಲೆಕ್ಕದಲ್ಲಿ ಎಪ್ಪತ್ತು ಕೋಟಿ ರೂಪಾಯಿಯ ಆಸುಪಾಸು. ಅದೂ ಅಲ್ಲಿ ಅರವತ್ತು ವರ್ಷದ ಕಾಗದಪತ್ರ, ಯಾರ ಕೈಯಿಂದ ಯಾರ ಕೈಗೆ ಬಂತೆಂಬ ವಂಶಾವಳಿ ಎಲ್ಲ ಸರಿಯಾಗಿ ಇದ್ದಾಗ.

ಇದಕ್ಕಿಂತ ತಮಾಷೆಯ ಪ್ರಸಂಗ 2019ರ ಆಗಸ್ಟಿನದು. ಅಮೆರಿಕದ ಮಾಂಟೆರೆಯಲ್ಲಿ 1939ರ ಒಂದು ಪೋರ್ಷೆ ಕಾರಿನ ಹರಾಜು. ಹರಾಜು ಕೂಗುವವನು ಇಂಗ್ಲಿಷಿನಲ್ಲಿ ಹದಿಮೂರು ಎಂದದ್ದು ಮೂವತ್ತು ಎಂದು ಕೇಳಿಸಿತು. ಇಂಗ್ಲಿಷಿನಲ್ಲಿ ಈ ಎರಡು ಸಂಖ್ಯೆಗಳ ಉಚ್ಚಾರ ಅಷ್ಟು ಹತ್ತಿರ. ಹಿಂದಿನ ಪರದೆಯ ಮೇಲೆ ಮೂವತ್ತು ಮಿಲಿಯ ಡಾಲರೆಂದೇ ಬಂತು. ಅಲ್ಲಿಂದ ನಲವತ್ತು, ಐವತ್ತು, ಅರವತ್ತು, ಎಪ್ಪತ್ತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು, ಮೊಬೈಲು ಎತ್ತಿ ಫೋಟೋ ಹೊಡೆದುಕೊಂಡಿತು. ಆಮೇಲೆ ಹರಾಜಿನವನು ಎಪ್ಪತ್ತಲ್ಲ, ಹದಿನೇಳು ಎಂದು ತಿದ್ದಿದ. ಜನ ಕೂಗಾಡಿದರು, ಕೆಲವರು ಎದ್ದು ಹೊರಟೇಹೋದರು. ಆ ಕಾರು ಆ ದಿನ ಮಾರಾಟವಾಗಲಿಲ್ಲ. ನನಗೆ ಈ ಕಥೆಯಲ್ಲಿ ಹರಾಜಿನವನಿಗಿಂತ ಚಪ್ಪಾಳೆ ತಟ್ಟಿದವರೇ ಹೆಚ್ಚು ನೆನಪಿನಲ್ಲಿ ಉಳಿದಿದ್ದಾರೆ. ಕೊಳ್ಳುವವರಲ್ಲದ ಜನರಿಗೆ ದೊಡ್ಡ ಸಂಖ್ಯೆ ಕೇಳುವುದೇ ಒಂದು ಸುಖ. ನಮ್ಮ ಕಟ್ಟೆಗಳಲ್ಲೂ ಅದೇ.

ಅಲ್ಲಿ ಕಡೆಯ ಪಕ್ಷ ಹರಾಜಿನ ಫಲಿತಾಂಶ ಎಲ್ಲರಿಗೂ ತಿಳಿಯುತ್ತದೆ. ನಮ್ಮಲ್ಲಿ ಅಂಥ ಬಹಿರಂಗ ಹರಾಜು ತೀರ ಕಡಿಮೆ. ಮುಂಬೈಯ ಅಸ್ತಗುರು ಎಂಬ ಸಂಸ್ಥೆ 2020ರಲ್ಲಿ ಹಳೆಯ ಕಾರುಗಳ ಹರಾಜು ಆರಂಭಿಸಿತು. ಉಳಿದಂತೆ ವ್ಯವಹಾರವೆಲ್ಲ ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ. ಹೇಳಿದ ಬೆಲೆ ಊರಿಗೆಲ್ಲ ಗೊತ್ತು, ಕೊಟ್ಟ ಬೆಲೆ ಇಬ್ಬರಿಗೇ ಗೊತ್ತು. ಹೀಗಿರುವಾಗ ಊರಿನಲ್ಲಿ ಉಳಿಯುವುದು ಹೇಳಿದ್ದೇ.

ನಮ್ಮ ಹಿರಿಯರ ಈ ಭ್ರಮೆಗೆ ಒಂದು ಹಳೆಯ ಕಾರಣವೂ ಇದೆಯೆಂದು ನನಗೆ ತೋರುತ್ತದೆ. 1960–70ರ ದಶಕಗಳಲ್ಲಿ ಕಾರಿನ ಬೆಲೆಯನ್ನು ಸರಕಾರವೇ ಗೊತ್ತುಮಾಡುತ್ತಿತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಆದ್ದರಿಂದ ಒಂದೆರಡು ವರ್ಷ ಓಡಿಸಿದ ಫಿಯೆಟ್ಟನ್ನು ಹೊಸದರ ಬೆಲೆಗಿಂತ ಹೆಚ್ಚಿಗೆ ಮಾರುವುದು ಆಗ ಸಾಮಾನ್ಯ ಸಂಗತಿ. ಬಜಾಜ್ ಸ್ಕೂಟರಿನ ಕಥೆಯೂ ಅದೇ. ವರದಕ್ಷಿಣೆಯ ಮಾತಿನಲ್ಲಿ ಸ್ಕೂಟರಿಗೆ ಅಷ್ಟು ಮಾನ ಬಂದದ್ದು ಅದರ ಗಾಲಿಗಳಿಂದಲ್ಲ, ಅದರ ಸರದಿಯ ಸಾಲಿನಿಂದ. ಬಳಸಿದಷ್ಟೂ ಬೆಲೆ ಏರುವ ಗಾಡಿಯನ್ನು ಕಣ್ಣಾರೆ ಕಂಡವರಿಗೆ ಕಾರೆಂದರೆ ಹೊಲವಿದ್ದಂತೆ, ನಿಂತಲ್ಲೇ ಬೆಳೆಯುತ್ತದೆ. 1983ರ ಕೊನೆಗೆ ಮಾರುತಿ ಬಂತು, 1991ರ ಮೇಲೆ ಪೇಟೆಯ ಬಾಗಿಲೇ ತೆರೆಯಿತು, ಆ ಸಾಲು ಕರಗಿಹೋಯಿತು. ನೆನಪು ಕರಗಲಿಲ್ಲ.

ಇನ್ನು ನಿಜವಾದ ಬೆಲೆ ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ಹಳೆಯ ಕಾರು ಕೊಳ್ಳುವವನು ಮೊದಲು ಬಾನೆಟ್ಟು ಎತ್ತುವುದಿಲ್ಲ, ಕಾಗದ ಕೇಳುತ್ತಾನೆ. ಆರ್‌ಸಿ ಪುಸ್ತಕ ಇದೆಯೆ, ಅದರಲ್ಲಿರುವ ಹೆಸರಿನವರು ಬದುಕಿದ್ದಾರೆಯೆ? ಮಾಲೀಕರು ತೀರಿಕೊಂಡರೆ ವಾರಸುದಾರರು ಮೂವತ್ತು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕೆಂಬ ನಿಯಮವಿದೆ. ನಮ್ಮ ವಾಡೆಗಳಲ್ಲಿ ಎಷ್ಟೋ ಕಾರುಗಳು ಇನ್ನೂ ಮುತ್ತಜ್ಜನ ಹೆಸರಿನಲ್ಲಿವೆ. ಪುಸ್ತಕ ಯಾವುದೋ ಟ್ರಂಕಿನ ತಳದಲ್ಲಿ ಗೆದ್ದಲಿನ ಪಾಲಾಗಿದೆ. ಕಾಗದವಿಲ್ಲದ ಕಾರು ಕಬ್ಬಿಣ. ಅಂಬಾಸಿಡರಿನ ತೂಕ ಸುಮಾರು ಹನ್ನೊಂದು ನೂರು ಕಿಲೋ. ಗುಜರಿಯವನು ಕಿಲೋಕ್ಕೆ ಮೂವತ್ತು ಕೊಡುತ್ತಾನೆಂದು ಹಿಡಿದರೂ ಮೂವತ್ತಮೂರು ಸಾವಿರ. ಲೆಕ್ಕ ನೀವೇ ಮಾಡಿ ನೋಡಿ.

ಆಮೇಲೆ ಇಂಜಿನ್. ಕಾರ್ಖಾನೆಯಿಂದ ಬಂದ ಇಂಜಿನ್ನೇ ಇದೆಯೆ, ಅದರ ನಂಬರು ಪುಸ್ತಕದ ನಂಬರಿಗೆ ಹೊಂದುತ್ತದೆಯೆ ಎಂದು ತಿಳಿದವರು ಟಾರ್ಚು ಹಿಡಿದು ನೋಡುತ್ತಾರೆ. ಪೆಟ್ರೋಲು ತುಟ್ಟಿಯಾದಾಗ ಎಷ್ಟೋ ಜನ ಕಾರು, ಜೀಪುಗಳ ಮೂಲ ಇಂಜಿನ್ ಕಿತ್ತು ಡೀಸೆಲ್ಲಿನದನ್ನು ಕೂಡಿಸಿದರು. ಓಡಿಸುವವನಿಗೆ ಅದು ಜಾಣತನವೇ ಆಗಿತ್ತು. ಆದರೆ ಸಂಗ್ರಹಕಾರನಿಗೆ ಅದು ಜರಿ ಕಿತ್ತು ಪ್ಲಾಸ್ಟಿಕ್ಕಿನ ಅಂಚು ಹಚ್ಚಿದ ಇಳಕಲ್ ಸೀರೆ. ಮೂಲ ದೀಪ, ಮೂಲ ಬಂಪರು, ಬಾಗಿಲಿನ ಹಿಡಿ, ಮೂತಿಯ ಮೇಲಿನ ಹೆಸರಿನ ಬಿಲ್ಲೆ, ಒಂದೊಂದು ಹೋದಂತೆ ಬೆಲೆಯೂ ಹೋಗುತ್ತದೆ. ತುಕ್ಕು ತಿಂದ ಮೈಯನ್ನು ಬಡಿದು ಸರಿಮಾಡಿ, ಬಣ್ಣ ಹಚ್ಚಿ, ಸಿಗದ ಸಾಮಾನು ಹುಡುಕಿ ತರುವ ಖರ್ಚು ಎಷ್ಟೋ ಸಲ ಸರಿಯಾದ ಕಾರಿನ ಬೆಲೆಯನ್ನೇ ಮೀರುತ್ತದೆ. ಕೊಳ್ಳುವವನು ಆ ಖರ್ಚನ್ನು ಕಳೆದು ಉಳಿದದ್ದನ್ನು ಕೇಳುತ್ತಾನೆ. ಉಳಿಯುವುದು ಬಹಳ ಸಲ ಏನೂ ಇಲ್ಲ.

ಕಾನೂನೂ ತನ್ನ ಮಾತು ಹೇಳಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ ವಿಂಟೇಜ್ ಎನ್ನಿಸಿಕೊಳ್ಳಲು ಗಾಡಿ ಮೊದಲು ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು. ಚಾಸಿ, ಮೈ, ಇಂಜಿನ್ ಯಾವುದನ್ನೂ ಬದಲಿಸಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಸೇರುತ್ತದೆ. ಪ್ರದರ್ಶನ, ರ್‍ಯಾಲಿ, ರಿಪೇರಿ, ಎಣ್ಣೆ ಹಾಕಿಸುವುದು ಇಂಥ ಕೆಲಸಕ್ಕಲ್ಲದೆ ದಿನದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ವ್ಯಾಪಾರಕ್ಕಂತೂ ಬಳಸಲೇಬಾರದು. "ಮದಿವಿ ಮೆರವಣಿಗಿಗೆ ಬಾಡಗಿ ಕೊಟ್ರ ವರ್ಷಕ್ಕ ಲಕ್ಷ ಬರ್ತದ" ಎಂದು ನಮ್ಮವರು ಕಟ್ಟುವ ಗೋಪುರ ಅಲ್ಲಿಗೇ ಕುಸಿಯಿತು. ಐವತ್ತು ತುಂಬದ ಕಾರು ವಿಂಟೇಜ್ ಅಲ್ಲ, ಬರೀ ಹಳೆಯದು. ಅದಕ್ಕೆ 2022ರ ಏಪ್ರಿಲಿನಿಂದ ಹದಿನೈದು ವರ್ಷ ಮೀರಿದ್ದೆಂದು ನೋಂದಣಿ ನವೀಕರಣದ ಶುಲ್ಕವನ್ನು 600ರಿಂದ 5,000ಕ್ಕೆ ಏರಿಸಿದರು. ಇಪ್ಪತ್ತು ವರ್ಷ ಮೀರಿದ್ದಕ್ಕೆ 2025ರಲ್ಲಿ ಇನ್ನೂ ಏರಿತು.

ಧರ್ಮಸ್ಥಳಕ್ಕೆ ಹೋದವರು ಅಲ್ಲಿಯ ಕಾರುಗಳ ಸಂಗ್ರಹವನ್ನು ನೋಡಿರುತ್ತೀರಿ. ವೀರೇಂದ್ರ ಹೆಗ್ಗಡೆಯವರು ವರ್ಷಗಟ್ಟಲೆ ಕೂಡಿಸಿದ್ದು. ಈಗ ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಎಂಬ ದೊಡ್ಡ ಸಂಗ್ರಹಾಲಯವೂ ಆಗಿದೆ. ಒಳಗೆ ಬಂದ ಗಂಡಸರು ಒಂದೊಂದು ಕಾರಿನ ಮುಂದೆ ನಿಂತು "ಇದಕ್ಕೀಗ ಎಷ್ಟಾಗಬಹುದು?" ಎನ್ನುವುದನ್ನು ಕೇಳಿಸಿಕೊಂಡಿದ್ದೇನೆ. ಅಲ್ಲಿಯ ಕಾರು ಮಾರಾಟಕ್ಕಿಲ್ಲ, ಆದ್ದರಿಂದ ಅದರ ಬೆಲೆಯ ಪ್ರಶ್ನೆಯೂ ಇಲ್ಲ. ಅಪ್ಪನ ಕಾರನ್ನು ಮಮತೆಯಿಂದ ಇಟ್ಟುಕೊಂಡವರ ಬಗೆಗೂ ನನ್ನ ತಕರಾರಿಲ್ಲ. ಅವ್ವನನ್ನು ಹೆರಿಗೆಗೆ ಒಯ್ದ ಕಾರು, ಅಣ್ಣನ ಮದುವೆಯಲ್ಲಿ ಹೂವು ಮುಡಿದ ಕಾರು. ಇರಲಿ, ತೊಳೆದು ಒರೆಸಿ ಇಟ್ಟುಕೊಳ್ಳಲಿ. ತೊಂದರೆ ಹುಟ್ಟುವುದು ಆ ಮಮತೆಯನ್ನು ರೂಪಾಯಿಗೆ ತಿರುಗಿಸಿ, ಆ ರೂಪಾಯಿಯನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದಾಗ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ತೊರವಿಯಲ್ಲಿ ಕೂಡುವ ದನದ ಸಂತೆಯನ್ನು ಒಮ್ಮೆ ನೋಡಬೇಕು. ದಲ್ಲಾಳಿ ಟವೆಲ್ಲಿನ ಕೆಳಗೆ ಕೊಳ್ಳುವವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು, ಯಾವ ಬೆರಳು ಎಂಬುದರಲ್ಲಿ ಸಾವಿರ, ನೂರು ಎಲ್ಲ ಅಡಗಿವೆ. ಸುತ್ತ ನಿಂತವರಿಗೆ ಒಂದಕ್ಷರ ತಿಳಿಯದು. ಬೆಲೆ ಕುದುರಿದ ಮೇಲೆ ಸಂಚಕಾರ ಕೈಗೆ ಬಂದರಷ್ಟೇ ಎತ್ತಿನ ಹಗ್ಗ ಕೈ ಬದಲಾಗುವ ಮಾತು. ಮೋಸ ಅಲ್ಲಿಯೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹೇಳಿದ ಬೆಲೆಗೆ ಅಲ್ಲಿ ಯಾರೂ ಮಾನ ಕೊಡುವುದಿಲ್ಲ. ಹಾಗೆಯೇ ನಮ್ಮ ಬಾಗಿಲಿಗೆ ಹಳೆಯ ಅರಿವೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವಾಕೆ ಬರುತ್ತಾಳಲ್ಲ, ಆಕೆಯ ಮುಂದೆ ನಾವು ಎಂಟು ನೂರಿನ ಸೀರೆ ಎಂದು ಎಷ್ಟು ಹೇಳಿದರೂ ಆಕೆ ಸೆರಗನ್ನು ಬೆಳಕಿಗೆ ಹಿಡಿದು ನೋಡಿ ಒಂದು ಸಣ್ಣ ಡಬ್ಬಿ ಮುಂದೆ ಸರಿಸುತ್ತಾಳೆ. ನಮಗೆ ಸಿಟ್ಟು ಬಂದರೂ ಆ ಡಬ್ಬಿಯೇ ಆ ದಿನದ ಬೆಲೆಯೆಂದು ಒಳಗೊಳಗೆ ಗೊತ್ತಿರುತ್ತದೆ. ಇಷ್ಟು ತಿಳಿದ ನಾವು ಕಾರಿನ ವಿಷಯಕ್ಕೆ ಬಂದ ಕೂಡಲೆ "ಅದು ಗಂಡಸರ ವ್ಯವಹಾರ" ಎಂದು ಒಳಗೆ ಹೋಗಿ ಚಹಾ ಇಡುತ್ತೇವೆ.

ಮುದ್ದೇಬಿಹಾಳದ ಕಡೆಯ ನನ್ನ ಪರಿಚಯದ ಒಬ್ಬಾಕೆಯ ಸಂಗತಿ ಹೇಳುತ್ತೇನೆ. ತಂದೆ ತೀರಿಕೊಂಡ ಮೇಲೆ ಇಬ್ಬರು ಅಣ್ಣಂದಿರು, ಈಕೆ, ಹೀಗೆ ಮೂವರ ನಡುವೆ ವಾಟ್ನಿ ಆಯಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕದ ಕಾನೂನು 1994ರಲ್ಲೇ ಹೇಳಿತ್ತು. 2005ರಲ್ಲಿ ಕೇಂದ್ರದ ಕಾನೂನು ಅದನ್ನೇ ದೇಶಕ್ಕೆಲ್ಲ ಹೇಳಿತು. 2005ರ ಮುಂಚೆ ತಂದೆ ತೀರಿದ್ದರೂ ಮಗಳ ಹಕ್ಕು ಹೋಗುವುದಿಲ್ಲವೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ. ಆದ್ದರಿಂದ ಈಗ ಯಾರೂ ನಿನಗೆ ಪಾಲಿಲ್ಲ ಎನ್ನುವುದಿಲ್ಲ. ಪಾಲು ಕೊಡುತ್ತಾರೆ. ಏನನ್ನು, ಯಾವ ಬೆಲೆಗೆ ಕೊಡುತ್ತಾರೆಂಬುದೇ ಈಗಿನ ಜಾಣತನ.

ಆ ಮನೆಯಲ್ಲಿ 1950ರ ದಶಕದ ಒಂದು ಫಿಯೆಟ್ ಇತ್ತು. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಮಾದರಿಗೆ ಮರಾಠಿ ಸೀಮೆಯವರು ಡುಕ್ಕರ್ ಫಿಯೆಟ್ ಎಂದು ಅಡ್ಡಹೆಸರಿಟ್ಟಿದ್ದರು. ಡುಕ್ಕರ ಎಂದರೆ ಹಂದಿ, ದುಂಡು ಮೈ ನೋಡಿ ಹಾಗೆಂದರೋ ಏನೋ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಇಂದಿಗೂ ಇದನ್ನು ಹುಡುಕಿಕೊಂಡು ಬರುವವರಿದ್ದಾರೆ, ಅದು ಸುಳ್ಳಲ್ಲ. ವಾಟ್ನಿಗೆ ಕುಳಿತ ಹಿರಿಯರು ಕಾರಿಗೆ ಎಂಟು ಲಕ್ಷ ಬರೆದರು. ಯಾಕೆಂದರೆ "ಬೆಂಗಳೂರಾವ್ರು ಕೇಳ್ಯಾರ". ಹೊಲಕ್ಕೆ? ಹೊಲಕ್ಕೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಹಿಡಿದರು, ಎಕರೆಗೆ ಎರಡು ಲಕ್ಷ. ಅದೇ ಹೊಲವನ್ನು ಊರಿನಲ್ಲಿ ಏಳು ಲಕ್ಷಕ್ಕೆ ಕೊಳ್ಳಲು ಜನ ನಿಂತಿದ್ದರು. ಅಂದರೆ ಕಾರಿಗೆ ಬಾಯಿಯ ಬೆಲೆ, ಹೊಲಕ್ಕೆ ಕಾಗದದ ಬೆಲೆ. ಒಂದೇ ತಕ್ಕಡಿ, ಎರಡು ಬೇರೆ ಬೇರೆ ಕಲ್ಲು. "ತಂಗೀ, ನಿನ್ನ ಪಾಲು ಎಂಟು ಲಕ್ಷದ್ದು. ನಾಕ ಎಕರೆ ಹೊಲಾ ತಗೊಂಡು ನೀ ಎಲ್ಲಿ ಬಿತ್ತತಿ? ಅಪ್ಪನ ನೆಪ್ಪಿಗೆ ಕಾರ ತಗೋ, ಮಾರಿದರ ಕೈಗೆ ಒಮ್ಮಿಗೇ ರೊಕ್ಕ ಬರ್ತದ" ಎಂದರು. ಪ್ರೀತಿಯಿಂದಲೇ ಅಂದರು. ಆಕೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು.

ಕಾರಿನ ಪುಸ್ತಕ ಸಿಗಲಿಲ್ಲ. ಇಂಜಿನ್ ಎಂಬತ್ತರ ದಶಕದಲ್ಲೇ ಡೀಸೆಲ್ಲಿನದಾಗಿತ್ತು. ಮುಂದಿನ ದೀಪ ಎರಡೂ ಬೇರೆ ಕಾರಿನವು. ಸೊಲ್ಲಾಪುರದಿಂದ ಒಬ್ಬ, ಕೊಲ್ಹಾಪುರದಿಂದ ಒಬ್ಬ ಬಂದು ಸುತ್ತು ಹೊಡೆದು ನೋಡಿ ಹೋದರು. ಮೂರು ವರ್ಷ ಕಾರು ಅಣ್ಣನ ಅಂಗಳದಲ್ಲಿ ಬೇವಿನ ಗಿಡದ ಕೆಳಗೇ ನಿಂತಿತ್ತು. ಜಾಗ ಬಿಡಿಸಿಕೊಡು ಎಂದು ಅತ್ತಿಗೆ ಎರಡು ಸಲ ಫೋನು ಮಾಡಿದಳು. ಕೊನೆಗೆ ಸೊಲ್ಲಾಪುರದವನೇ ಅರವತ್ತೆರಡು ಸಾವಿರ ಕೊಟ್ಟ. ಎತ್ತಿ ಲಾರಿಗೆ ಹೇರುವ ಕ್ರೇನಿನ ಖರ್ಚು ಈಕೆಯದೇ. ಊರಿನ ದರದಲ್ಲಿ ನಾಲ್ಕು ಎಕರೆ ಎಂದರೆ ಇಪ್ಪತ್ತೆಂಟು ಲಕ್ಷ. ಕೋರ್ಟಿಗೆ ಹೋಗು ಎಂದವರೂ ಇದ್ದರು. ಸಹಿ ಮಾಡಿದ ಮೇಲೆ ಕೋರ್ಟಿಗೆ ಹೋಗುವುದೆಂದರೆ ನಾಗರಪಂಚಮಿಗೆ ತವರಿನಿಂದ ಕರೆ ಬರುವುದು ನಿಂತಂತೆ. ಆಕೆ ಹೋಗಲಿಲ್ಲ.

ಈ ಸಂಗತಿಯನ್ನು ನಾನು ಬಸವನ ಬಾಗೇವಾಡಿಯ ನಾದಿನಿಯ ಮನೆಯಲ್ಲಿ ಒಂದು ಶ್ರಾವಣದಲ್ಲಿ ಹೇಳಿದೆ. ಕೇಳಿಸಿಕೊಂಡವರಲ್ಲಿ ನೆರೆಮನೆಯ ಒಬ್ಬ ಹುಡುಗಿ ಇದ್ದಳು. ಹುಡುಗಿ ಎಂದರೆ ನನಗೆ ಹುಡುಗಿ, ಎರಡು ಮಕ್ಕಳ ತಾಯಿ. ಮುಂದೆ ಅವಳ ಮನೆಯಲ್ಲೂ ವಾಟ್ನಿ ಬಂತು. ಅಲ್ಲಿ 1972ರ ಅಂಬಾಸಿಡರ್. ಹಿರಿಯರು ಅದಕ್ಕೂ ಎಂಟು ಲಕ್ಷವೇ ಹೇಳಿದರು. ನಮ್ಮ ಸೀಮೆಯಲ್ಲಿ ಹಳೆಯ ಕಾರಿಗೆ ಎಂಟಕ್ಕಿಂತ ಕಡಿಮೆ ಹೇಳುವುದು ಅವಮಾನವೇನೋ. ಅವಳು ಬಾಗಿಲ ಹತ್ತಿರ ಕುಳಿತವಳು ಅಲ್ಲಿಂದಲೇ ಹೇಳಿದಳಂತೆ: "ಅಣ್ಣಾ, ಎಂಟು ಲಕ್ಷದ ಕಾರ ನೀನ ಇಟಗೋ. ನನಗ ಅದೇ ಎಂಟು ಲಕ್ಷದ್ದು ಹೊಲಾ ಕೊಡು."

ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಣ್ಣನೇ, ಕಾರಿನ ತಳ ತುಕ್ಕು ಹಿಡಿದಿದೆ ಎಂದ. ಟಯರೂ ಇಲ್ಲ ಎಂದ. ಒಬ್ಬ ಹಿರಿಯರು ಪುಸ್ತಕ ತರಿಸಿದರು. ಅದು ಇನ್ನೂ ಅಜ್ಜನ ಹೆಸರಿನಲ್ಲಿತ್ತು. ದೀಪ ಹಚ್ಚುವ ಹೊತ್ತಿಗೆ ಕಾರಿನ ಬೆಲೆ ಎಪ್ಪತ್ತು ಸಾವಿರಕ್ಕೆ ಬಂದು ನಿಂತಿತು. ಹಾಗೆಯೇ ಬರೆದುಕೊಂಡರು. ಅದೇ ಕಲ್ಲಿನಿಂದ ಹೊಲವನ್ನೂ ತೂಗಬೇಕೆಂದು ಅವಳು ಹಟ ಹಿಡಿದಳು. ಅದಕ್ಕೆ ಇನ್ನೂ ಎರಡು ಸಭೆ ಆದವು, ಅತ್ತಿಗೆಯ ಜೊತೆ ಮಾತು ನಿಂತು ಮತ್ತೆ ಶುರುವಾಯಿತು. ಕೊನೆಗೆ ಎರಡೂವರೆ ಎಕರೆ ಅವಳ ಹೆಸರಿಗೆ ಬಂತು. ಅದರಲ್ಲಿ ಈಗ ತೊಗರಿ ಹಾಕಿದ್ದಾಳೆ. ಕಾರು ಅಣ್ಣನ ಅಂಗಳದಲ್ಲೇ ಇದೆ. ಮೊನ್ನೆ ಹೋದಾಗ ನೋಡಿದೆ, ಹೊಸ ತಾಡಪತ್ರಿ ಹೊದಿಸಿದ್ದರು.